ಕರ್ನಲ್ ಮೆಡೋಸ್ ಟೇಲರರೂ ನಮ್ಮ ಜನರ ಛಾಯಾಚಿತ್ರಗಳೂ

ಈ ಸಂಚಿಕೆಯ ಸಲುವಾಗಿ ಹಳೇ ವಿದ್ಯಾರ್ಥಿನಿಯರ ಮನೆಗಳಿಂದ ಹಳೇ ಫೋಟೋಗಳನ್ನು ಬೇಡಿ ತರಿಸುವ ಕೆಲಸವು ನಮ್ಮ ಪಾಲಿಗೆ ಬಂದಿತು. ರಾಣೆಬೆನ್ನೂರಿನಿಂದಲೂ ಹಾವೇರಿ, ಬ್ಯಾಡಗಿಗಳಿಂದಲೂ ಚಿತ್ರಗಳು ಬಂದವು. ಕೆಲವಕ್ಕೆ ಗೆದ್ದಲು ಹಿಡಿದಿತ್ತು; ಕೆಲವು ಮೆಣಸಿನಕಾಯಿಯ ಚೀಲಗಳ ನಡುವೆ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದವೆಂಬುದನ್ನು ಅವುಗಳ ಘಾಟೇ ಹೇಳುತ್ತಿತ್ತು. ಅವುಗಳಲ್ಲಿ ಒಂದು ಚಿತ್ರದ ಮುಂದೆ ನಾವು ಬಹಳ ಹೊತ್ತು ಕುಳಿತೆವು. ಕುರ್ಚಿಗಳ ಮೇಲೆ ಕುಳಿತ ಶಿಕ್ಷಕಿಯರ ಹೆಸರುಗಳನ್ನು ಕೆಳಗೆ ಮಸಿಯಿಂದ ಅಂದವಾಗಿ ಬರೆದಿದ್ದಾರೆ. ನಿಂತಿರುವ ಹುಡುಗಿಯರ ಹೆಸರುಗಳನ್ನು ಹಿಂಬದಿಗೆ ಯಾರೋ ಪೆನ್ಸಿಲಿನಿಂದ ಗೀಚಿದ್ದಾರೆ. ಎಡಗಡೆಯ ತುದಿಯಲ್ಲಿ, ಬಾಗಿಲ ಚೌಕಟ್ಟಿಗೆ ಆತುಕೊಂಡು, ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ನಿಂತಿರುವ ಹೆಂಗಸಿನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಎಂಬತ್ತು ದಾಟಿದ ಒಬ್ಬ ಹಳೇ ವಿದ್ಯಾರ್ಥಿನಿಯು ಆ ಮುಖವನ್ನು ಕಂಡ ಕೂಡಲೆ ಗುರುತಿಸಿದರು. ಗಂಟೆ ಬಾರಿಸುತ್ತಿದ್ದವಳು ಅವಳೇ, ಜ್ವರ ಬಂದ ಮಕ್ಕಳಿಗೆ ರಾತ್ರಿಯೆಲ್ಲ ಹಣೆಗೆ ತಣ್ಣೀರ ಬಟ್ಟೆ ಹಾಕುತ್ತಿದ್ದವಳು ಅವಳೇ ಎಂದು ಹೇಳಿ ಕಣ್ಣೊರಿಸಿಕೊಂಡರು. ಎಲ್ಲರೂ ಅವಳನ್ನು ಗಂಟೆಯವ್ವ ಎಂದು ಕರೆಯುತ್ತಿದ್ದರಂತೆ. ನಿಜವಾದ ಹೆಸರು ಅವರಿಗೂ ಗೊತ್ತಿರಲಿಲ್ಲ.

ಆ ಬಳಿಕ, ನಮ್ಮ ಸೀಮೆಗೆ ಫೋಟೋ ತೆಗೆಯುವ ವಿದ್ಯೆಯು ಯಾವಾಗ ಬಂದಿತು, ನಮ್ಮ ಜನರ ಚಿತ್ರಗಳನ್ನು ಮೊದಲು ಯಾರು ಯಾತಕ್ಕಾಗಿ ತೆಗೆದರು ಎಂಬ ಕುತೂಹಲವು ನಮಗೆ ಉಂಟಾಯಿತು. ಹುಡುಕುತ್ತ ಹೋದಂತೆ ಒಬ್ಬ ಪುರುಷರ ಹೆಸರು ಎರಡು ದೊಡ್ಡ ಗ್ರಂಥಗಳಲ್ಲಿ ನಮಗೆ ಎದುರಾಯಿತು. ಅವರು ಚಿತ್ರ ತೆಗೆದವರಲ್ಲ, ಚಿತ್ರಗಳಿಗೆ ಮಾತು ಬರೆದವರು. ಸುರಪುರದ ಕಥೆಯನ್ನು ಕೇಳಿದ ಕನ್ನಡಿಗರಿಗೆಲ್ಲ ಅವರ ಹೆಸರು ಪರಿಚಿತವಾದದ್ದೇ. ಅವರೇ ಕರ್ನಲ್ ಫಿಲಿಪ್ ಮೆಡೋಸ್ ಟೇಲರರು.

ಟೇಲರರು 1808ನೆಯ ಇಸವಿಯ ಸಪ್ಟೆಂಬರ 25ರಂದು ಇಂಗ್ಲೆಂಡಿನ ಲಿವರಪೂಲ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ವರ್ತಕರು, ಆದರೆ ವ್ಯಾಪಾರವು ಕೆಟ್ಟು ಮನೆಗೆ ಬಡತನ ಬಂದಿತು. ಆದ್ದರಿಂದ ಹುಡುಗನ ಶಾಲೆಯು ಬೇಗನೆ ಮುಗಿಯಿತು. ಕೆಲವು ಕಾಲ ಒಂದು ವ್ಯಾಪಾರದ ಕಚೇರಿಯಲ್ಲಿ ಕಾರಕೂನಿಕೆ ಮಾಡಿದ ಮೇಲೆ, ಮುಂಬಯಿಯ ಒಬ್ಬ ವರ್ತಕರ ಹತ್ತಿರ ಕೆಲಸ ಕಲಿತರೆ ಮುಂದೆ ಪಾಲುಗಾರನಾಗಬಹುದೆಂಬ ಆಸೆಯಿಂದ ತಂದೆತಾಯಿಗಳು ಅವರನ್ನು 1824ರಲ್ಲಿ ಹಡಗು ಹತ್ತಿಸಿದರು. ಆಗ ಅವರಿಗೆ ಹದಿನೈದು ವರುಷ. ಮುಂಬಯಿಗೆ ಬಂದು ನೋಡಿದರೆ ಆ ಅಂಗಡಿಯ ಸ್ಥಿತಿಯೂ ನೆಟ್ಟಗಿರಲಿಲ್ಲ. ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ಬಂಧುಗಳ ದಯದಿಂದ ಹೈದರಾಬಾದಿನ ನಿಜಾಮರ ದಂಡಿನಲ್ಲಿ ಚಿಕ್ಕ ಅಧಿಕಾರವು ದೊರೆಯಿತು. ಹದಿನಾರನೆಯ ವರುಷದಲ್ಲಿ ಸೇರಿದ ಆ ಸೇವೆಯಲ್ಲಿಯೇ ಅವರ ಆಯುಷ್ಯದ ಬಹುಭಾಗವು ಕಳೆಯಿತು.

ಕಂಪನಿಯ ಸೇವೆಗೆ ಬಂದ ಇತರ ಇಂಗ್ಲಿಷರಿಗೆ ಇದ್ದ ಹೆಚ್ಚಿನ ಸಂಬಳ, ಬೇಗನೆ ಮೇಲೇರುವ ಅನುಕೂಲ ಇವಾವುವೂ ನಿಜಾಮರ ಚಾಕರಿಯವರಿಗೆ ಇರಲಿಲ್ಲ. ಆದರೆ ಈ ಕೊರತೆಯೇ ಟೇಲರರಿಗೆ ವರವಾಯಿತೆಂದು ನಮಗೆ ತೋರುತ್ತದೆ. ಜನರೊಡನೆ ಬೆರೆಯದೆ ಅವರಿಗೆ ಗತ್ಯಂತರವಿರಲಿಲ್ಲ. ಹಿಂದುಸ್ಥಾನಿ, ಮರಾಠಿ, ಫಾರಸಿ ಭಾಷೆಗಳನ್ನು ಕಲಿತರು. ಹೊಲ ಅಳೆಯುವದು, ಕೆರೆ ಕಟ್ಟುವದು, ದಾರಿ ಹಾಕುವದು, ನ್ಯಾಯ ತೀರಿಸುವದು, ರೋಗಿಗಳಿಗೆ ಔಷಧ ಕೊಡುವದು ಮುಂತಾದವನ್ನೆಲ್ಲ ಯಾವ ಕಾಲೇಜಿನ ಮೆಟ್ಟಿಲನ್ನೂ ಏರದೆ ಪುಸ್ತಕ ಓದಿ, ಕೈಯಿಂದ ಮಾಡಿ ಕಲಿತರು. ಚಿತ್ರ ಬರೆಯುವ ಕೈಯೂ ಅವರದಾಗಿದ್ದಿತು; ಹೋದಲ್ಲೆಲ್ಲ ಕಂಡದ್ದನ್ನು ಕಾಗದದ ಮೇಲೆ ಇಳಿಸುತ್ತಿದ್ದರು.

ಬೊಲಾರಮ್ಮಿನ ದಂಡಿನ ಪೇಟೆಯ ಮೇಲ್ವಿಚಾರಣೆಯು ಅವರಿಗೆ ಬಂದಾಗ ಧಾನ್ಯದ ದರ, ತೂಕದ ಕಲ್ಲು, ಅಳತೆಯ ಸೇರು ಇವೆಲ್ಲ ಅವರಿಗೆ ತಿಳಿದುಹೋದವು. ಮುಂದೆ ಪೋಲೀಸು ಅಧಿಕಾರಿಯಾಗಿ ತುಳಜಾಪುರದ ಕಡೆಗೆ ಹೋದಾಗ, ಅಂಗಡಿಕಾರರು ಹಿಟ್ಟಿನಲ್ಲಿ ಮರಳು ಕೂಡಿಸಿ ಮಾರುವರೆಂದು ಯಾತ್ರಿಕರು ಬಂದು ದೂರಿದರು. ಟೇಲರರು ದಂಡ ಹಾಕಲಿಲ್ಲ, ಸೆರೆಮನೆಗೂ ಕಳಿಸಲಿಲ್ಲ. ಆ ಹಿಟ್ಟನ್ನೇ ತರಿಸಿ, ರೊಟ್ಟಿ ಮಾಡಿಸಿ, ಮಾರಿದವರೇ ಎಲ್ಲರ ಎದುರಿಗೆ ಕುಳಿತು ತಿನ್ನಬೇಕೆಂದು ಅಪ್ಪಣೆ ಮಾಡಿದರು! ನೆರೆದ ಜನರು ನಕ್ಕು ನಕ್ಕು ಸುಸ್ತಾದರಂತೆ. ಅಂಗಡಿಕಾರರು ಇನ್ನು ಮುಂದೆ ಒಳ್ಳೇ ಹಿಟ್ಟನ್ನೇ ಮಾರುವೆವೆಂದು ಬೇಡಿಕೊಂಡರು. ದಾರಿಕಾರರನ್ನು ಕೊಲ್ಲುವ ಠಕ್ಕರ ವಿಷಯವಾಗಿಯೂ ಅವರು ಇದೇ ಕಾಲದಲ್ಲಿ ಶೋಧ ನಡಿಸಿದ್ದರು. 1839ರಲ್ಲಿ ಅವರು ಬರೆದು ಪ್ರಕಟಿಸಿದ ಠಕ್ಕನೊಬ್ಬನ ಕಥೆಯು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ವಿಕ್ಟೋರಿಯಾ ರಾಣಿಯವರು ಅಚ್ಚಿನ ಹಾಳೆಗಳು ಬರುವದನ್ನೇ ಕಾದು ಅದನ್ನು ಓದಿದರೆಂದು ಪ್ರಸಿದ್ಧಿಯುಂಟು.

1832ರಲ್ಲಿ ಅವರು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರರ ಮಗಳಾದ ಮೇರಿಯವರನ್ನು ಮದುವೆಯಾದರು. ಪಾಮರರ ತಾಯಿಯವರು ಉತ್ತರ ಹಿಂದುಸ್ಥಾನದ ಮುಸಲ್ಮಾನ ಮನೆತನದವರು. ಹೀಗೆ ಈ ದೇಶದ ರಕ್ತಸಂಬಂಧವೂ ಟೇಲರರ ಮನೆಯಲ್ಲಿ ಕೂಡಿಕೊಂಡಿತು. ಆದರೆ 1844ರಲ್ಲಿ ಮೇರಿಯವರು ತೀರಿಕೊಂಡರು. ಟೇಲರರು ಮತ್ತೆ ಮದುವೆಯಾಗಲಿಲ್ಲ.

ಆ ದುಃಖವು ಬಂದಾಗ ಅವರು ನಮ್ಮ ಕನ್ನಡನಾಡಿನ ಸುರಪುರದಲ್ಲಿದ್ದರು. ಕೃಷ್ಣಪ್ಪ ನಾಯಕರು ತೀರಿಹೋದ ಮೇಲೆ ಆ ಸಂಸ್ಥಾನದಲ್ಲಿ ಕಲಹವೆದ್ದಿತ್ತು. ಪಟ್ಟಕ್ಕೆ ಹಕ್ಕುದಾರನಾದ ವೆಂಕಟಪ್ಪ ನಾಯಕನು ಇನ್ನೂ ಚಿಕ್ಕ ಹುಡುಗನು. ತಾಯಿಯಾದ ರಾಣಿ ಈಶ್ವರಮ್ಮನವರು ಒಂದು ಕಡೆಗೆ, ಕಾರಭಾರ ನೋಡುವ ಪಿಡ್ಡನಾಯಕರು ಇನ್ನೊಂದು ಕಡೆಗೆ, ಬಾಕಿ ಉಳಿದ ಕಪ್ಪದ ಹಣವು ಮತ್ತೊಂದು ಕಡೆಗೆ. ಈ ಗೊಂದಲವನ್ನು ಬಿಡಿಸಲು ಹೋದ ಟೇಲರರು 1853ರ ವರೆಗೆ ಅಲ್ಲಿ ಉಳಿದರು. ಬೋನಾಳದ ಕೆರೆಯನ್ನು ಹಿಗ್ಗಿಸಿದರು, ದಾರಿಗಳನ್ನು ಮಾಡಿಸಿದರು, ಭೂಮಿಯ ಅಳತೆ ಮಾಡಿಸಿದರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಮನೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಈಗಲೂ ಇದೆ. ಸುತ್ತಲಿನ ಹೊಲಗಳಲ್ಲಿರುವ ಪುರಾತನ ಕಲ್ಲುಗೋರಿಗಳನ್ನು ಅಗಿಸಿ, ಒಳಗಿನ ಮಡಕೆಗಳನ್ನೂ ಎಲುಬುಗಳನ್ನೂ ಅಳತೆ ಮಾಡಿ ಬರೆದಿಟ್ಟವರೂ ಅವರೇ. ನಮ್ಮ ನಾಡಿನ ಪ್ರಾಚೀನ ಶೋಧನೆಯ ಚರಿತ್ರೆಯಲ್ಲಿ ಆ ಬರವಣಿಗೆಗಳಿಗೆ ಮೊದಲ ಸಾಲಿನಲ್ಲಿಯೇ ಸ್ಥಾನವಿದೆ.

ತಂದೆಯಿಲ್ಲದ ವೆಂಕಟಪ್ಪನು ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಒಮ್ಮೆ ರಾಣಿಯವರು ತಾವು ಸಾಯುವೆವೆಂದು ಹೆದರಿ ಟೇಲರರನ್ನು ಕರೆಸಿ, ಹುಡುಗನ ಜಾತಕದ ಗುಟ್ಟನ್ನು ತಿಳಿಸಿದರು. ಇಪ್ಪತ್ತನಾಲ್ಕನೆಯ ವರುಷವನ್ನು ಅವನು ದಾಟಲಾರನೆಂದು ಜೋಯಿಸರು ಬರೆದಿಟ್ಟಿದ್ದರಂತೆ. 1853ರಲ್ಲಿ ರಾಜ್ಯವನ್ನು ಯುವಕನಾದ ರಾಜನಿಗೆ ಒಪ್ಪಿಸಿ ಟೇಲರರು ನಳದುರ್ಗದ ಕಡೆಗೆ ಹೋದರು. 1857ರ ದಂಗೆಯ ಕಾಲದಲ್ಲಿ ಅವರು ವರ್ಹಾಡದ ಬುಲಢಾಣೆಯಲ್ಲಿದ್ದು, ಸೈನ್ಯದ ಸಹಾಯವಿಲ್ಲದೆ ಆ ಪ್ರಾಂತವನ್ನು ಶಾಂತವಾಗಿ ಇರಿಸಿಕೊಂಡರು. ಅತ್ತ ಸುರಪುರದಲ್ಲಿ 1858ರ ಆರಂಭಕ್ಕೆ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ಎದ್ದರು, ಸೋತರು, ಹೈದರಾಬಾದಿನಲ್ಲಿ ಸೆರೆಸಿಕ್ಕರು. ಟೇಲರರು ಸೆರೆಮನೆಗೆ ಹೋಗಿ ಅವರನ್ನು ಕಂಡರು. ಮರಣದಂಡನೆಯು ಮೊದಲು ಜೀವಾವಧಿ ಶಿಕ್ಷೆಯಾಗಿ, ಬಳಿಕ ನಾಲ್ಕು ವರುಷದ ಸೆರೆಯಾಗಿ ಇಳಿಯಿತು. ಆದರೆ ಚೆಂಗಲಪೇಟೆಯ ಕಡೆಗೆ ಒಯ್ಯುವ ದಾರಿಯಲ್ಲಿ ಬಿಡಾರದಲ್ಲಿದ್ದಾಗ ರಾಜರು ಗುಂಡು ತಗಲಿ ಪ್ರಾಣಬಿಟ್ಟರು. ಅವರಿಗೆ ಆಗ ಇಪ್ಪತ್ತನಾಲ್ಕನೆಯ ವರುಷ. ಸಂಸ್ಥಾನವು ಹೋಯಿತು, ಅದರ ಕಾರಭಾರಕ್ಕೆ ಮತ್ತೆ ಬಂದವರು ಟೇಲರರೇ. ಸಾಕಿದ ಮಗನ ಬರಿದಾದ ಅರಮನೆಯ ಎದುರಿಗೆ ಅಧಿಕಾರಿಯಾಗಿ ಕುಳಿತ ಆ ಮನುಷ್ಯರ ಮನಸ್ಸನ್ನು ವಾಚಕರು ಊಹಿಸಿಕೊಳ್ಳಬಹುದು. ಕನ್ನಡಿಗರು ವೆಂಕಟಪ್ಪ ನಾಯಕರನ್ನು ವೀರರೆಂದು ನೆನೆಯುವದು ನ್ಯಾಯವಾಗಿಯೇ ಇದೆ. ಟೇಲರರ ಪ್ರೀತಿಯು ಸುಳ್ಳಲ್ಲ, ಅವರು ಉಂಡದ್ದು ಪರರಾಜ್ಯದ ಅನ್ನವೆಂಬುದೂ ಸುಳ್ಳಲ್ಲ.

ಆರೋಗ್ಯ ಕೆಟ್ಟು 1860ರಲ್ಲಿ ಅವರು ಸೀಮೆಗೆ ಮರಳಿದರು. ಐರ್ಲಂಡಿನ ಡಬ್ಲಿನ್ ಪಟ್ಟಣದ ಹತ್ತಿರ ಮನೆ ಮಾಡಿ, ಹೆಣ್ಣುಮಕ್ಕಳೊಡನೆ ಇದ್ದು, ಬರೆಯುವ ಕೆಲಸವನ್ನೇ ಹಿಡಿದರು. ಛಾಯಾಚಿತ್ರಗಳ ಸಂಗತಿಯು ಅವರ ಬಾಳಿನಲ್ಲಿ ಬರುವದು ಈ ಘಟ್ಟದಲ್ಲಿಯೇ.

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. 1855ರಲ್ಲಿ ಮುಂಬಯಿ ಸರಕಾರವು ತೋಪಖಾನೆಯ ಅಧಿಕಾರಿಗಳಾದ ಬಿಗ್ಸ್ ಎಂಬವರನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೆ ಕ್ಯಾಮೆರಾ ಕೊಟ್ಟು ಕಳಿಸಿತು. ಅವರನ್ನು ದಂಡಿಗೆ ಮರಳಿ ಕರೆದ ಮೇಲೆ ವೈದ್ಯರಾದ ಡಾಕ್ಟರ್ ಪಿಗೌ ಎಂಬವರು ಆ ಕೆಲಸವನ್ನು ಮುಂದುವರಿಸಿದರು. ನೀಲ್ ಎಂಬ ಮತ್ತೊಬ್ಬರೂ ಚಿತ್ರಗಳನ್ನು ತೆಗೆದರು. ಹೀಗೆ ಧಾರವಾಡ ಸೀಮೆಯ ಮತ್ತು ಮೈಸೂರಿನ ದೇವಾಲಯಗಳ ಚಿತ್ರಗಳು ಕೂಡಿದವು. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ವರೆಗೆ ನಮ್ಮ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಗಳೆಲ್ಲ ಧಾರವಾಡ ಜಿಲ್ಲೆಯೊಳಗಿನವೇ ಎಂಬುದನ್ನು ಕಿರಿಯ ವಾಚಕರು ನೆನಪಿಡಬೇಕು. ಹೊಳೆಯಾಚೆಯ ಹರಿಹರದ ಗುಡಿಯ ಚಿತ್ರವನ್ನೂ ಆಗಲೇ ತೆಗೆದರು. ಹಳೇಬೀಡಿನ ಶಿಲ್ಪಗಳ ಚಿತ್ರಗಳಂತೂ ಬಹಳ ಪ್ರಸಿದ್ಧವಾದವು. 1866ರಲ್ಲಿ ಇವೆಲ್ಲ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದಾಗ, ಕಟ್ಟಡಗಳ ಟಿಪ್ಪಣಿಗಳನ್ನು ಫರ್ಗ್ಯುಸನ್ ಎಂಬ ಪಂಡಿತರೂ, ನಾಡಿನ ಚರಿತ್ರೆಯನ್ನು ಟೇಲರರೂ ಬರೆದರು. ಚಿತ್ರ ತೆಗೆದ ಪಿಗೌ ಅವರು ಗ್ರಂಥವನ್ನು ಕಾಣದೆ ತೀರಿಹೋಗಿದ್ದರು.

ಆ ಕಾಲದ ಫೋಟೋ ತೆಗೆಯುವದು ಇಂದಿನಂತೆ ಬೆರಳು ಒತ್ತುವ ಕೆಲಸವಲ್ಲ. ಬಿಗ್ಸ್ ಸಾಯೇಬರ ರೀತಿಯಲ್ಲಿ ಬೆಳ್ಳಿಯ ಲವಣ ಹಚ್ಚಿದ ಕಾಗದವನ್ನು ಕ್ಯಾಮೆರಾದ ಒಳಗೆ ಇರಿಸಿ, ಕೆಲವು ನಿಮಿಷಗಳ ವರೆಗೆ ಬೆಳಕು ಬೀಳಗೊಡಬೇಕಾಗುತ್ತಿತ್ತು. ಅದರ ಪರಿಣಾಮವನ್ನು ವಿಚಾರಿಸಿ ನೋಡಿರಿ. ಗುಡಿಯ ಕಂಬವು ಅಲುಗುವದಿಲ್ಲ, ಆದ್ದರಿಂದ ಅದರ ಗೆರೆಗೆರೆಯೂ ಮೂಡುತ್ತದೆ. ಅಂಗಳದಲ್ಲಿ ಕೊಡ ಹೊತ್ತು ನಡೆದವಳು, ಎತ್ತು ಹೊಡೆದುಕೊಂಡು ಹೋದವನು, ಓಡಿ ಆಡಿದ ಹುಡುಗರು ಇವರಾರೂ ಕಾಗದದ ಮೇಲೆ ನಿಲ್ಲುವದಿಲ್ಲ; ಹೆಚ್ಚೆಂದರೆ ಹೊಗೆಯಂಥ ಒಂದು ಕಲೆ. ಜನರು ತುಂಬಿದ ಊರುಗಳ ಚಿತ್ರಗಳು ಹಾಳೂರಿನ ಚಿತ್ರಗಳಂತೆ ತೋರುವ ಕಾರಣಗಳಲ್ಲಿ ಇದೂ ಒಂದು. ಎತ್ತರದ ಅಳತೆ ತಿಳಿಯಲೆಂದು ಒಬ್ಬಿಬ್ಬರನ್ನು ಕಂಬದ ಮಗ್ಗುಲಿಗೆ ನಿಲ್ಲಿಸುವ ವಾಡಿಕೆಯಿದ್ದಿತು. ಅವರು ಮಾತ್ರ ಉಳಿದರು. ಅವರೂ ಅಳತೆಗೋಲುಗಳಾಗಿಯೇ ಉಳಿದರು.

ಬರಬರುತ್ತ ಗಾಜಿನ ಫಲಕದ ಪದ್ಧತಿಯು ರೂಢಿಗೆ ಬಂದಿತು. ಗಾಜಿಗೆ ದ್ರವವನ್ನು ಸುರಿದು, ಬೆಳ್ಳಿಯ ನೀರಿನಲ್ಲಿ ಅದ್ದಿ, ಅದು ಒಣಗುವ ಮುಂಚೆ ಚಿತ್ರ ತೆಗೆದು, ಕೂಡಲೆ ಕತ್ತಲೆಯ ಡೇರೆಯಲ್ಲಿ ತೊಳೆಯಬೇಕು. ನಮ್ಮ ಬೇಸಗೆಯ ಬಿಸಿಲಿನಲ್ಲಿ ಇದು ಎಂಥ ಪಾಡಾಗಿದ್ದೀತು! ಆದರೂ ನಿಮಿಷಗಳ ಕೆಲಸವು ಕೆಲವು ಸೆಕೆಂಡುಗಳಿಗೆ ಇಳಿದ ಕಾರಣ ಮನುಷ್ಯರ ಮುಖಗಳು ಸ್ಪಷ್ಟವಾಗಿ ಮೂಡಹತ್ತಿದವು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕುಳಿತವನ ಮುಖದಲ್ಲಿ ನಗೆಯನ್ನು ಎದುರುನೋಡುವದು ನ್ಯಾಯವಲ್ಲ. ನಮ್ಮ ಅಜ್ಜಅಜ್ಜಿಯರ ಫೋಟೋಗಳನ್ನು ಕಂಡು, ಅವರೆಲ್ಲ ಸಿಡುಕರಾಗಿದ್ದರೇ ಎಂದು ಕೇಳುವ ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು.

ಈ ಸೌಕರ್ಯದಿಂದಲೇ ಎರಡನೆಯ ಗ್ರಂಥವು ಹುಟ್ಟಿತು. ಗವ್ಹರ್ನರ್ ಜನರಲ್ ಕ್ಯಾನಿಂಗ್ ಸಾಹೇಬರಿಗೂ ಅವರ ಪತ್ನಿಯವರಿಗೂ ಈ ದೇಶದ ನಾನಾ ಜನರ ಚಿತ್ರಗಳನ್ನು ಸ್ಮರಣೆಗಾಗಿ ತಮ್ಮೊಡನೆ ಒಯ್ಯಬೇಕೆಂಬ ಇಚ್ಛೆಯಿದ್ದಿತು. 1857ರ ದಂಗೆಯಾದ ಮೇಲೆ ಆ ಹವ್ಯಾಸವು ಸರಕಾರದ ಕೆಲಸವಾಗಿ ಮಾರ್ಪಟ್ಟಿತು. ಆಳುವ ಜನರನ್ನು ಗುರುತು ಹಿಡಿಯಬೇಕು, ಯಾವ ಪಂಗಡವು ನಂಬಿಕೆಯದು, ಯಾವುದು ಅಲ್ಲ ಎಂಬುದನ್ನು ತಿಳಿಯಬೇಕು ಎಂಬ ಆತುರವು ಅದರಲ್ಲಿ ಸೇರಿಕೊಂಡಿತು. ಪ್ರಾಂತಪ್ರಾಂತಗಳಿಂದ ಚಿತ್ರಗಳನ್ನು ತರಿಸಿದರು. ಫಾರ್ಬ್ಸ್ ವಾಟ್ಸನ್ ಮತ್ತು ಕೇ ಎಂಬವರ ಸಂಪಾದಕತ್ವದಲ್ಲಿ ಹಿಂದುಸ್ಥಾನದ ಜನರು ಎಂಬ ಅರ್ಥದ ಹೆಸರಿನಿಂದ 1868ರಿಂದ 1875ರ ವರೆಗೆ ಎಂಟು ಸಂಪುಟಗಳು ಲಂಡನ್ನಿನಲ್ಲಿ ಹೊರಬಂದವು. ಅವುಗಳಲ್ಲಿ 460ಕ್ಕೂ ಮಿಕ್ಕಿದ ಫೋಟೋಗಳಿವೆ. ಮುದ್ರಿಸಿದ್ದು ಸುಮಾರು 200 ಪ್ರತಿಗಳು ಮಾತ್ರ. ಚಿತ್ರಗಳ ವಿವರಣೆಯನ್ನು ಬರೆದವರಲ್ಲಿ ಟೇಲರರೂ ಒಬ್ಬರು.

ವ್ಯಾಪಾರಿ, ಸಿಪಾಯಿ, ಗೊಲ್ಲ, ನೇಕಾರ, ಬೈರಾಗಿ, ಬೆಟ್ಟದ ಹೆಂಗಸು ಹೀಗೆ ಪುಟವೊಂದಕ್ಕೆ ಒಂದು ಚಿತ್ರ. ಉಟ್ಟ ಬಟ್ಟೆ, ತೊಟ್ಟ ಒಡವೆ, ಕೈಯೊಳಗಿನ ಉಪಕರಣ ಇವುಗಳನ್ನು ತಿಳಿಯಬೇಕಾದವರಿಗೆ ಆ ಗ್ರಂಥವು ಇಂದಿಗೂ ನಿಧಿಯೇ ಸರಿ. ಆದರೆ ರಾಜರಿಗೂ ಭೋಪಾಳದ ಬೇಗಮರಂಥವರಿಗೂ ಹೆಸರಿದೆ. ಮಿಕ್ಕವರಿಗೆ ಸಾಮಾನ್ಯವಾಗಿ ಪಂಗಡದ ಹೆಸರೊಂದೇ. ಕೆಲವು ಪಂಗಡಗಳ ಬಗ್ಗೆ ಕಳ್ಳರು, ಮೋಸಗಾರರು, ನಂಬತಕ್ಕವರಲ್ಲ ಎಂಬ ತೀರ್ಪನ್ನು ಇಡೀ ಕುಲಕ್ಕೇ ಅಂಟಿಸಿದ್ದಾರೆ. ಚಿತ್ರದಲ್ಲಿ ಕುಳಿತ ಒಬ್ಬ ಬಡವನು ಯಾರ ಹಿಟ್ಟಿನಲ್ಲಿ ಮರಳು ಕೂಡಿಸಿದ್ದನು? ತನ್ನ ಚಿತ್ರದ ಕೆಳಗೆ ಏನು ಬರೆದಿದೆ ಎಂಬುದು ಅವನಿಗೆ ಎಂದಿಗೂ ತಿಳಿಯಲಿಲ್ಲ.

ಈ ಗ್ರಂಥವನ್ನು ಕಂಡು ನೊಂದ ಒಬ್ಬರ ಸಂಗತಿಯು ನಮಗೆ ತಿಳಿದಿದೆ. ಮುಂದೆ ಅಲಿಗಡದ ವಿದ್ಯಾಲಯವನ್ನು ಸ್ಥಾಪಿಸಿದ ಸಯ್ಯದ್ ಅಹಮದ ಖಾನರು 1869ರಲ್ಲಿ ಮಕ್ಕಳೊಡನೆ ಲಂಡನ್ನಿಗೆ ಹೋಗಿದ್ದರು. ಅಲ್ಲಿಯ ಸರಕಾರಿ ಕಚೇರಿಯಲ್ಲಿ ಈ ಪುಸ್ತಕವನ್ನು ಇಟ್ಟಿದ್ದರು. ಅವರ ಮಗ ಮಹಮೂದನು ಹಾಳೆಗಳನ್ನು ತಿರುವುತ್ತಿದ್ದಾಗ ಒಬ್ಬ ಇಂಗ್ಲಿಷ ತರುಣನು ಬಂದು, ನೀನೂ ಹಿಂದುಸ್ಥಾನದವನೇ ಎಂದು ಕೇಳಿದನು. ಹುಡುಗನ ಮುಖವು ಕೆಂಪೇರಿತು. ಹೌದೆಂದನು; ಆದರೆ ಕೂಡಲೆ, ತಾನು ಇಲ್ಲಿಯ ಮೂಲ ನಿವಾಸಿಗಳ ಪೈಕಿಯವನಲ್ಲ, ತನ್ನ ಪೂರ್ವಿಕರು ಬೇರೆ ದೇಶದಿಂದ ಬಂದವರು ಎಂದು ಕೂಡಿಸಿದನು. ತಂದೆಯು ಇದನ್ನು ಬಹಳ ವ್ಯಥೆಯಿಂದ ಊರಿಗೆ ಬರೆದರು. ನಮ್ಮವರಲ್ಲದವರ ಪುಸ್ತಕದ ಮುಂದೆ ನಮ್ಮ ಮಗನೇ ನಮ್ಮ ಜನರಿಂದ ಒಂದು ಹೆಜ್ಜೆ ಹಿಂದೆ ಸರಿದನಲ್ಲಾ ಎಂಬುದು ನಮಗೆ ಪುಸ್ತಕದ ಬಿರುನುಡಿಗಳಿಗಿಂತಲೂ ಹೆಚ್ಚಾಗಿ ನೋಯುತ್ತದೆ.

ಹಾಗಾದರೆ ಟೇಲರರನ್ನು ನಾವು ಹೇಗೆ ಎಣಿಸಬೇಕು? ಅವರ ಕಾದಂಬರಿಗಳನ್ನು ನೋಡಿದರೆ, 1863ರ ತಾರಾ ಎಂಬುದರಲ್ಲಿಯೂ 1872ರ ಸೀತಾ ಎಂಬುದರಲ್ಲಿಯೂ ಈ ದೇಶದ ಹೆಣ್ಣುಮಕ್ಕಳೇ ಕಥೆಯ ನಡುಮನೆಯಲ್ಲಿ ನಿಂತಿದ್ದಾರೆ. ಸೀತೆಯಂತೂ ವಿಧವೆಯಾಗಿದ್ದು ಇಂಗ್ಲಿಷನೊಬ್ಬನನ್ನು ಮದುವೆಯಾಗುವವಳು. ಆ ಕಾಲದ ಇಂಗ್ಲಿಷ ವಾಚಕರ ಮುಂದೆ ಅಂಥ ಕಥೆಯನ್ನು ಇಡುವದು ಸಣ್ಣ ಧೈರ್ಯವಲ್ಲ. ಮುಪ್ಪಿನಲ್ಲಿ ತಮ್ಮ ಬಾಳಿನ ಕಥೆಯನ್ನು ಬರೆಯಹತ್ತಿದಾಗ ವೆಂಕಟಪ್ಪ, ಈಶ್ವರಮ್ಮ, ಪಿಡ್ಡನಾಯಕ ಎಂದು ಹೆಸರು ಹಿಡಿದೇ ಬರೆದರು. ಅವರ ಸಿಟ್ಟನ್ನೂ ಹಟವನ್ನೂ ಕಣ್ಣೀರನ್ನೂ ಬರೆದರು. ತಾವು ಜೊತೆಗೆ ಬಾಳಿದ ಜನರ ವಿಷಯದಲ್ಲಿ ಅವರ ಲೇಖನಿಗೆ ಪಂಗಡವು ಕಾಣಲಿಲ್ಲ, ಮನುಷ್ಯರು ಕಂಡರು. ಅದೇ ಲೇಖನಿಯು, ಎಂದೂ ನೋಡದ ಊರುಗಳ ಎಂದೂ ಮಾತಾಡಿಸದ ಜನರ ಫೋಟೋಗಳು ಡಬ್ಲಿನ್ನಿನ ಮೇಜಿನ ಮೇಲೆ ಬಂದು ಬಿದ್ದಾಗ, ಸರಕಾರದ ಕಡತದ ಮಾತುಗಳ ಸಾಲಿನಲ್ಲಿ ನಿಂತಿತು. ಎಂಟು ಸಂಪುಟಗಳಲ್ಲಿ ಯಾವ ಸಾಲು ಅವರದು, ಯಾವುದು ಬೇರೊಬ್ಬರದು ಎಂದು ಬಿಡಿಸಿ ಹೇಳಲು ಬರುವಂತಿಲ್ಲ. ಹೀಗಾಗಿ ಪ್ರತಿಯೊಂದು ಬಿರುನುಡಿಯನ್ನೂ ಅವರ ತಲೆಗೆ ಕಟ್ಟುವದು ಸರಿಯಲ್ಲ. ಆದರೆ ಆ ಕೆಲಸಕ್ಕೆ ಅವರು ಕೈಹಾಕದೆ ಇದ್ದಿದ್ದರೆ ಚೆನ್ನಾಗಿತ್ತೆಂದು ನಮಗೆ ಅನಿಸಿದ್ದನ್ನು ಮುಚ್ಚಿಡಲಾರೆವು.

1869ರಲ್ಲಿ ಸರಕಾರವು ಅವರಿಗೆ ಬಿರುದನ್ನು ಕೊಟ್ಟಿತು. ಕೊನೆಗೆ ಕಣ್ಣಿನ ಬೆಳಕು ಕುಂದುತ್ತ ಬಂದಿತು. ಚಿತ್ರ ಬರೆದ ಕೈಯಿಗೂ ಚಿತ್ರಗಳಿಗೆ ಮಾತು ಬರೆದ ಲೇಖನಿಗೂ ಅದು ಎಂಥ ಪೆಟ್ಟೆಂದು ಹೇಳುವದೇ ಬೇಡ. ಹಾಗಿದ್ದರೂ 1875ರಲ್ಲಿ ಮತ್ತೊಮ್ಮೆ ಈ ದೇಶಕ್ಕೆ ಬಂದರು, ಹೈದರಾಬಾದಿಗೆ ಹೋದರು. ಕಾಣದ ಕಣ್ಣಿನಿಂದ ಹಳೇ ಗೆಳೆಯರ ದನಿಗಳನ್ನೇ ಗುರುತಿಸಿರಬೇಕು. ಮರಳಿ ಹೋಗುವಾಗ ಫ್ರಾನ್ಸ್ ದೇಶದ ಮೆಂತೋನಿನಲ್ಲಿ 1876ರ ಮೇ 13ರಂದು ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಸರಿಪಡಿಸಿ ಮರುವರುಷ ಅಚ್ಚು ಹಾಕಿಸಿದರು.

ನಾವು ಮೊದಲು ಹೇಳಿದ ಫೋಟೋವನ್ನು ಈ ಸಂಚಿಕೆಯಲ್ಲಿಯೇ ಅಚ್ಚು ಹಾಕಿದ್ದೇವೆ. ಶಿಕ್ಷಕಿಯರ ಮತ್ತು ಹುಡುಗಿಯರ ಹೆಸರುಗಳನ್ನು ತಿಳಿದಷ್ಟು ಕೆಳಗೆ ಕೊಟ್ಟಿದ್ದೇವೆ. ಎಡತುದಿಯ ಸ್ಥಳವನ್ನು ಸದ್ಯಕ್ಕೆ ಗಂಟೆಯವ್ವ ಎಂದು ತುಂಬಿದ್ದೇವೆ. ಅವಳ ಹೆಸರನ್ನಾಗಲಿ, ಊರನ್ನಾಗಲಿ, ಮಕ್ಕಳುಮರಿಗಳಿದ್ದರೆ ಅವರನ್ನಾಗಲಿ ಬಲ್ಲ ಹಳೇ ವಿದ್ಯಾರ್ಥಿನಿಯರು ಇದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಬೇಕು. ತಾಯಂದಿರೂ ಅಜ್ಜಿಯಂದಿರೂ ಇದೇ ಶಾಲೆಯಲ್ಲಿ ಕಲಿತಿದ್ದರೆ ಪಾಲಕರು ಚಿತ್ರವನ್ನು ಅವರ ಕೈಯಲ್ಲಿ ಕೊಟ್ಟು ಒಮ್ಮೆ ಕೇಳಬೇಕು. ಮುಂದಿನ ಸಂಚಿಕೆಯಲ್ಲಿ ಅದೇ ಚಿತ್ರವನ್ನು ಮತ್ತೊಮ್ಮೆ ಅಚ್ಚು ಹಾಕಿಸುವೆವು.